ಜರ್ಮನಿಯ ಸಂಸ್ಥಾನಗಳೂ ಜಿದ್ದಾದ ತಾಲೂಕು ಸಂಘಗಳೂ

ಹತ್ತನೇ ಕ್ಲಾಸಿನ ಮಕ್ಕಳಿಗೆ ಹಳೇ ಜರ್ಮನಿಯ ಪಾಠ ಮಾಡುವುದೆಂದರೆ ನನಗೆ ತಲೆನೋವು. ಒಂದು ದೇಶವಾಗುವ ಮೊದಲು ಅಲ್ಲಿ ಮೂವತ್ತೊಂಬತ್ತು ಸಂಸ್ಥಾನಗಳು. ಪ್ರಷ್ಯಾದಂಥ ದೊಡ್ಡದರೊಳಗೆ ಮತ್ತೆ ಪ್ರಾಂತ್ಯ, ಜಿಲ್ಲೆ ಎಂದು ತುಂಡುಗಳು. ಅಂಗೈಯಗಲದ ನೆಲವಿದ್ದ ಡ್ಯೂಕನಿಗೂ ಒಂದು ಅರಮನೆ, ಒಂದು ಲಾಂಛನ, ಒಂದು ಸುಂಕದ ಕಟ್ಟೆ. ಒಬ್ಬನ ಹಳ್ಳಿ ಇನ್ನೊಬ್ಬನ ರಾಜ್ಯದ ಹೊಟ್ಟೆಯೊಳಗೆ. "ಇವರಿಗೆಲ್ಲ ಹುಚ್ಚಾ ಮಿಸ್?" ಎಂದು ಮಕ್ಕಳು ಇಂಗ್ಲಿಷಿನಲ್ಲಿ ಕೇಳುತ್ತವೆ. ಸೌದಿಯ ಈ ಜಿದ್ದಾದಲ್ಲೇ ಇರುವ ನಮ್ಮ ಕರಾವಳಿಯವರ ಸಂಘಗಳನ್ನು ಒಮ್ಮೆ ನೋಡಿ ಬನ್ನಿ ಅನ್ನಬೇಕೆನಿಸುತ್ತದೆ. ಕೆಲಸಕ್ಕೆ ಕುತ್ತು ಬಂದೀತೆಂದು ಸುಮ್ಮನಿರುತ್ತೇನೆ.

ಇಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಅವರ ತಾಲೂಕಿನ ಸಂಘ ಓಡಾಡಬೇಕು, ಅದು ಪದ್ಧತಿ. ಒಳ್ಳೆಯ ಪದ್ಧತಿಯೇ. ಆದರೆ ಊರಲ್ಲಿ ಸರ್ಕಾರ ತಾಲೂಕು ಒಡೆದದ್ದೇ ತಡ, ಇಲ್ಲಿ ಸಂಘವೂ ಒಡೆಯಿತು. ಹೊಸ ಅಧ್ಯಕ್ಷ, ಹೊಸ ಬ್ಯಾನರ್, ಹೊಸ ಶಾಲು. ಅಜೀಜಿಯಾ ಬಡಾವಣೆಯ ಒಂದೇ ಹೋಟೆಲಿನಲ್ಲಿ ಬೇರೆ ಬೇರೆ ಮೇಜಿಗೆ ಕೂತು ಒಂದೇ ಬಿರಿಯಾನಿ ತಿನ್ನುವ ಎರಡು ಸಾಮ್ರಾಜ್ಯಗಳು!

ಇವುಗಳ ನಡುವೆ ಸಿಕ್ಕಿಬಿದ್ದವರು ನಮ್ಮ ಸ್ಕೂಲ್ ವ್ಯಾನಿನ ಡ್ರೈವರ್ ಕಾಕ. ಊರಲ್ಲಿ ಮಗಳ ನಿಕಾಹ್ ಹತ್ತಿರ ಬಂದಾಗಲೇ ಅವರ ಬಲಗೈ, ಬಲಗಾಲಿಗೆ ಲಕ್ವ ಹೊಡೆಯಿತು. ಮಾತು ತೊದಲುತ್ತಿತ್ತು. ಆದರೂ ನಾನು ಆಸ್ಪತ್ರೆಗೆ ನೋಡಲು ಹೋದಾಗಲೆಲ್ಲ ಅವರದು ಒಂದೇ ಬೇಡಿಕೆ: "ಟೀಚರ್, ಶುಕ್ರವಾರಕ್ಕೆ ಮುಂಚೆ ಊರಿಗೆ ಮುಟ್ಟಿಸಿ. ಮದುಮಗನ ಕೈ ಹಿಡಿದು ಮಗಳನ್ನು ನಾನೇ ಕೊಡಬೇಕು."

ಕಫೀಲ, ಅಂದರೆ ಕೆಲಸಕ್ಕೆ ಕರೆಸಿಕೊಂಡ ಅರಬಿ ಯಜಮಾನನ ಬೆನ್ನು ಹತ್ತಿ, ದೇಶ ಬಿಡಲು ಬೇಕಾದ ಎಕ್ಸಿಟ್ ವೀಸಾ ಹಾಕಿಸಬೇಕು, ವಿಮಾನದಲ್ಲಿ ಜೊತೆಗೆ ಹೋಗಲು ಒಬ್ಬರನ್ನು ಹುಡುಕಬೇಕು. ಹಳೇ ತಾಲೂಕಿನ ಅಧ್ಯಕ್ಷರಿಗೆ ಫೋನ್ ಮಾಡಿದೆ. "ಅವರ ಗ್ರಾಮ ಈಗ ಹೊಸ ತಾಲೂಕಿಗೆ ಹೋಗಿದೆಯಲ್ಲ ಟೀಚರ್. ನಾವು ಕೈ ಹಾಕಿದ್ರೆ ಆಚೆಯವರಿಗೆ ಬೇಜಾರಾಗ್ತದೆ" ಎಂದರು. ಹೊಸ ತಾಲೂಕಿನವರಿಗೆ ಮಾಡಿದೆ. "ಪಾಸ್‌ಪೋರ್ಟಿನಲ್ಲಿ ಹಳೇ ತಾಲೂಕೇ ಉಂಟಲ್ಲ?" ಅಯ್ಯೋ ಮಾರಾಯರೇ, ಲಕ್ವ ಹೊಡೆದದ್ದು ಮನುಷ್ಯನಿಗೆ, ಗ್ರಾಮಕ್ಕಲ್ಲ! ಸಿಟ್ಟು ನೆತ್ತಿಗೇರಿತು. ಈ ಮನುಷ್ಯ ಎರಡೂ ಸಂಘಗಳಿಗೆ ಬೇಡವಂತೆ ಎಂದು ಕರಾವಳಿಯವರ ವಾಟ್ಸಾಪ್ ಗುಂಪಿಗೆ ಬರೆದು ಹಾಕಿದೆ.

ಅಷ್ಟೇ ಸಾಕಾಯಿತು. ಬೆಳಗಾಗುವಷ್ಟರಲ್ಲಿ ಕಾಕ ಇಬ್ಬರಿಗೂ ಬೇಕಾದರು. ಒಂದು ಸಂಘ ಎಕ್ಸಿಟ್ ಹಾಕಿಸಿತು, ಇನ್ನೊಂದು ರಜೆಯಲ್ಲಿ ಊರಿಗೆ ಹೊರಟಿದ್ದ ನರ್ಸ್ ಒಬ್ಬರನ್ನು ಜೊತೆ ಮಾಡಿತು. ಗುರುವಾರದ ವಿಮಾನ. ನಾನೂ ನನ್ನ ಗಂಡನೂ ಏರ್‌ಪೋರ್ಟಿಗೆ ಹೋದರೆ, ಅಲ್ಲಿ ಆಗಲೇ ಎರಡು ಬ್ಯಾನರ್‌ಗಳು ಬಿಚ್ಚಿಕೊಂಡಿದ್ದವು. ವೀಲ್‌ಚೇರಿನ ಹಿಂದೆ ಯಾರ ಬ್ಯಾನರ್ ಹಿಡಿಯುವುದು ಅಂತ ಜಟಾಪಟಿ. ಕೊನೆಗೆ ಇಬ್ಬರಿಗೂ ಬೇರೆ ಬೇರೆ ಫೋಟೋ ಎಂದು ರಾಜಿಯಾಯಿತು. ಕಾಕನಿಗೆ ಒಬ್ಬರು ಶಾಲು ಹೊದೆಸಿದರು. ಅದನ್ನು ತೆಗೆದು ಇನ್ನೊಬ್ಬರು ತಮ್ಮದನ್ನು ಹೊದೆಸಿದರು. ಆಮೇಲೆ ಕಾರ್ಯದರ್ಶಿಯೊಬ್ಬರು ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದಾರೆ, ಅವರೂ ಬರಲಿ ಅಂದರು! "ಯಲ್ಲಾ, ಯಲ್ಲಾ", ಬೇಗ ಬೇಗ ಎಂದು ವೀಲ್‌ಚೇರ್ ತಳ್ಳುವವನು ಬೊಬ್ಬೆ ಹಾಕಿದ. ನಾನೂ ಹಾಕಿದೆ. ಮೊದಲೇ ಒಳಗೆ ಹೋಗಿದ್ದ ನರ್ಸ್ ಫೋನ್ ಮಾಡಿ ಮಾಡಿ ಸೋತರು. ನಾವು ಮುಟ್ಟುವಾಗ ಕೌಂಟರ್ ಮುಚ್ಚಿತ್ತು.

ಮುಂದಿನ ವಿಮಾನ ಶನಿವಾರಕ್ಕಿತ್ತು. ಕಾಕನನ್ನು ನಮ್ಮ ಮನೆಗೇ ಕರೆದುಕೊಂಡು ಬಂದೆವು. ನನಗೆ ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿತ್ತು.

ಶುಕ್ರವಾರ ಕಾಕ ನಮ್ಮ ಸೋಫಾದ ಮೇಲೆ ಕೂತು ತಮ್ಮ ಫೋನಿನ ವೀಡಿಯೋ ಕಾಲಿನಲ್ಲಿ ನಿಕಾಹ್ ನೋಡಿದರು. ಮದುಮಗನ ಕೈಯನ್ನು ಕಾಕನ ತಮ್ಮ ಹಿಡಿದ. ಆಮೇಲೆ ಯಾರೋ ಫೋನನ್ನು ಹೆಂಗಸರ ಕಡೆಗೆ ಒಯ್ದರು. ಮಗಳ ಮುಖ ಕಾಣುವ ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ ಟಣ್ ಎಂದು ಒಂದು ಮೆಸೇಜ್ ಇಳಿಯಿತು. ಏರ್‌ಪೋರ್ಟಿನ ಫೋಟೋ. ಕೆಳಗೆ, "ನಮ್ಮ ತಾಲೂಕಿನ ಹಿರಿಯರನ್ನು ಮಗಳ ಮದುವೆಗೆ ಸುಖವಾಗಿ ಕಳಿಸಿಕೊಟ್ಟ ಹೆಮ್ಮೆ." ಅದರ ಬೆನ್ನಿಗೇ ಇನ್ನೊಂದು ಸಂಘದ್ದು.

ಕಾಕ ಎಡಗೈ ಹೆಬ್ಬೆರಳಿನಿಂದ ಎರಡನ್ನೂ ಪಕ್ಕಕ್ಕೆ ಸರಿಸಿ ಮಗಳ ಮುಖ ಹುಡುಕಿದರು. ಅಷ್ಟರಲ್ಲಿ ಊರಿನವರು ಫೋನನ್ನು ಊಟದ ಪಂಕ್ತಿಯ ಕಡೆಗೆ ತಿರುಗಿಸಿದ್ದರು.