ಎದ್ದು ಹೋದವರನ್ನು ಕರೆಯದ ಯಂತ್ರ

ಕೋವಿಡ್ ಗಲಾಟೆಯೆಲ್ಲ ಅಡಗಿದ ಮೇಲಿನ ಎರಡನೇ ಮಾವಿನ ಸೀಸನ್ನಿನಲ್ಲಿ ನನ್ನನ್ನು ಶ್ರೀನಿವಾಸಪುರಕ್ಕೆ ಹಾಕಿದರು. ಆಗ ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಸೀನಿಯರ್ ಸಿಸ್ಟಂ ಅನಲಿಸ್ಟ್. ಹುದ್ದೆಯ ಹೆಸರು ದೊಡ್ಡದು, ಕೆಲಸ ಮಾತ್ರ ಊರೂರು ಅಲೆಯುವುದು. ಕೊಳ್ಳುವವರ ಮತ್ತು ಮಾರುವವರ ನಡುವಿನ ಚೌಕಾಸಿಯನ್ನು ಮೊದಲ ಮಾತಿನಿಂದ ಕೊನೆಯ ಸಹಿಯವರೆಗೆ ದಾಖಲಿಸಿ, ಕೊನೆಗೆ ಒಪ್ಪಂದ ಪತ್ರವನ್ನೂ ತಾನೇ ತಯಾರಿಸಿ ಕೊಡುವ ಕಂಪ್ಯೂಟರ್ ವ್ಯವಸ್ಥೆಯೊಂದನ್ನು ನಾವು ಮಾಡಿದ್ದೆವು. ಯಾರು ಎಷ್ಟು ಕೇಳಿದರು, ಯಾರು ಎಷ್ಟಕ್ಕೆ ಇಳಿದರು, ಯಾರು ಬೇಡವೆಂದರು ಎಂಬುದೆಲ್ಲ ಅದರಲ್ಲಿ ಉಳಿಯುತ್ತಿತ್ತು. ಸಿಮೆಂಟು, ಉಕ್ಕು ಕೊಳ್ಳುವ ಕಂಪನಿಗಳಲ್ಲಿ ಅದು ಸೊಗಸಾಗಿ ನಡೆದಿತ್ತು. ಮಾವಿನ ವ್ಯಾಪಾರಕ್ಕೆ ಹಾಕಿದ್ದು ಅದೇ ಮೊದಲು.

ಕೊಂಡವರು ಹಣ್ಣಿನ ತಿರುಳು ತೆಗೆಯುವ ಒಂದು ಪಲ್ಪ್ ಫ್ಯಾಕ್ಟರಿಯವರು. ಕೋಲಾರದ ರಸ್ತೆಯಲ್ಲಿ ಅವರದೊಂದು ಖರೀದಿ ಯಾರ್ಡು. ತಗಡಿನ ದೊಡ್ಡ ಶೆಡ್ಡು, ಪಕ್ಕದಲ್ಲಿ ಕಂಪ್ಯೂಟರುಗಳಿಟ್ಟ ಒಂದು ಕೋಣೆ, ಗೇಟಿನಾಚೆ ಟೀ ಅಂಗಡಿ ಮತ್ತು ಎಳನೀರಿನ ಗಾಡಿ. ಯಾರ್ಡಿನ ಮ್ಯಾನೇಜರ್ ದಿವಾಕರ್ ಎಂಬ ಹೊರಗಿನ ಮನುಷ್ಯ, ಕೆಟ್ಟವರೇನಲ್ಲ. ಆದರೆ ಮಾವಿನಕಾಯಿಯನ್ನು ಅವರು ನೋಡಿದ್ದೆಲ್ಲ ಎಕ್ಸೆಲ್ ಶೀಟಿನಲ್ಲಿ.

ನಮ್ಮ ಕಡೆ ಚೌಕಾಸಿ ಹೇಗೆ ನಡೆಯುತ್ತದೆಂದು ಹೇಳಿಬಿಡಬೇಕು. ನಾನು ಹುಟ್ಟಿ ಬೆಳೆದದ್ದು ಮುಳಬಾಗಿಲು ತಾಲ್ಲೂಕಿನಲ್ಲಿ. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ನಮ್ಮಮ್ಮ ಸಂತೆಯಲ್ಲಿ ಎರಡು ಸಲ ಎದ್ದು ಹೋಗದೆ ಒಂದು ಸೀರೆಯನ್ನೂ ತಂದವಳಲ್ಲ. ತೋಟದ ವ್ಯಾಪಾರದಲ್ಲಂತೂ ಇದು ಶಾಸ್ತ್ರವೇ ಆಗಿಹೋಗಿದೆ. ಬೆಲೆ ಒಂದು ಹಂತಕ್ಕೆ ಬಂದು ನಿಂತಾಗ ತೋಟದವರು ಟವೆಲ್ ಒದರಿ ಹೆಗಲಿಗೆ ಹಾಕಿಕೊಂಡು, ನಾಲ್ಕು ಕೆಟ್ಟ ಮಾತು ಆಡಿ ಎದ್ದು ನಡೆಯಬೇಕು. ದೂರ ಹೋಗುವುದಿಲ್ಲ, ಗೇಟಿನ ಹತ್ತಿರ ಟೀ ಕುಡಿಯುತ್ತಾ ನಿಲ್ಲುತ್ತಾರೆ. ದಲ್ಲಾಳಿ ಹಿಂದೆಯೇ ಹೋಗಿ ಕರೆಯುತ್ತಾನೆ. ಒಂದು ಸಲಕ್ಕೆ ಬರುವುದಿಲ್ಲ, ಎರಡಕ್ಕೂ ಬರುವುದಿಲ್ಲ, ಮೂರನೇ ಸಲಕ್ಕೆ ಗೊಣಗುತ್ತಾ ಬಂದು ಕೂರುತ್ತಾರೆ. ಕೊಳ್ಳುವವರು ಒಂದಿಷ್ಟು ಏರುತ್ತಾರೆ, ವ್ಯಾಪಾರ ಮುಗಿಯುತ್ತದೆ. ಎದ್ದು ಹೋಗುವುದೆಂದರೆ ನಮ್ಮಲ್ಲಿ ಬೇಡವೆಂದಲ್ಲ, ಕರೆಯಿರಿ ಎಂದು.

ನಮ್ಮ ಸಿಸ್ಟಂನಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಮಾರುವವರು ಎದ್ದರೆ ಯಾರ್ಡಿನ ಮ್ಯಾನೇಜರ್ 'ನಿರ್ಗಮನ' ಎಂಬ ಗುಂಡಿ ಒತ್ತುವುದು, ಒತ್ತಿದೊಡನೆ ಅವರ ಮಾತುಕತೆ ಮುಚ್ಚಿಹೋಗಿ ಅದೇ ಬೆಲೆ, ಅದೇ ತೂಕದ ಬೇಡಿಕೆ ಸರದಿಯ ಮುಂದಿನವರ ಮೊಬೈಲಿಗೆ ಹೋಗುವುದು. ಒಮ್ಮೆ ಮುಚ್ಚಿದ್ದನ್ನು ತೆರೆಯುವಂತಿಲ್ಲ. ತೆರೆಯುವಂತಿದ್ದರೆ ಅಕ್ರಮ ನಡೆಯುತ್ತದಂತೆ. ಬೆಂಗಳೂರಿನ ಮೀಟಿಂಗಿನಲ್ಲಿ ನಾನು ಗಂಟಲು ಹರಿದುಕೊಂಡೆ. "ಸ್ವಾಮಿ, ಎದ್ದು ಹೋದೋರನ್ನ ವಾಪಸ್ ಕರೆಯೋಕೆ ಒಂದು ಗುಂಡಿ ಇಡಿ" ಎಂದೆ. ಮೇಜಿನ ಸುತ್ತ ಕೂತಿದ್ದವರೆಲ್ಲ ನಕ್ಕರು. ಹೋದವರು ಹೋದರು ಮೇಡಂ, ಇದು ಸೀರೆ ಅಂಗಡಿಯಲ್ಲ ಎಂದ ನಮ್ಮ ಪ್ರಾಜೆಕ್ಟ್ ಹೆಡ್ಡು. ನನ್ನ ಮೈ ಉರಿದುಹೋಯಿತು. ಜೊತೆಗೆ ಫ್ಯಾಕ್ಟರಿಯವರು ದಲ್ಲಾಳಿಗಳು ಯಾರ್ಡಿನೊಳಗೆ ಕಾಲಿಡಬಾರದೆಂದು ಬೋರ್ಡು ಹಾಕಿದರು. ಮೂವತ್ತು ವರ್ಷದಿಂದ ಎದ್ದವರನ್ನು ಕರೆತಂದು ಕೂರಿಸುತ್ತಿದ್ದ ಖಾದರ್ ಸಾಬರು ಗೇಟಿನಾಚೆಯ ಟೀ ಅಂಗಡಿಯ ಬೆಂಚಿಗೆ ಬಿದ್ದರು.

ಇನ್ನೊಂದು ಎಡವಟ್ಟೂ ಆಯಿತು. ಶ್ರೀನಿವಾಸಪುರದ ಹತ್ತಿರದ ಹಳ್ಳಿಯೊಂದರ ನಾರಾಯಣಪ್ಪ ಮತ್ತು ಮುನಿರಾಜು ಅಣ್ಣತಮ್ಮಂದಿರು. ಅಣ್ಣನಿಗೆ ಐವತ್ತು ದಾಟಿತ್ತು, ತಮ್ಮ ಹದಿನೈದು ವರ್ಷ ಚಿಕ್ಕವನು. ಅಪ್ಪ ಬೇಗ ಹೋಗಿದ್ದರಿಂದ ಅಣ್ಣನೇ ಎತ್ತಿ ಬೆಳೆಸಿದ್ದು. ತೋಟ ಭಾಗವಾಗಿದ್ದರೂ ವ್ಯಾಪಾರಕ್ಕೆ ಕೂರುತ್ತಿದ್ದದ್ದು ಅಣ್ಣ ಒಬ್ಬರೇ, ಇಬ್ಬರ ತೋತಾಪುರಿಗೂ ಒಂದೇ ಮಾತು. ನಮ್ಮ ಸಿಸ್ಟಂ ಅದನ್ನು ಒಪ್ಪಲಿಲ್ಲ. ಪಹಣಿಯಲ್ಲಿ ಯಾರ ಹೆಸರಿದೆಯೋ ಅವರೇ ನೋಂದಾಯಿಸಬೇಕು. ಹಾಗಾಗಿ ಸರದಿಯಲ್ಲಿ ಅಣ್ಣನ ಹಿಂದೆಯೇ ತಮ್ಮನ ಹೆಸರು ಬಂತು, ಅವನೂ ಬೇರೆ ವ್ಯಾಪಾರಿ ಎಂಬಂತೆ.

ಆ ದಿನ ಬೆಳಗಿನಿಂದಲೇ ಯಾರ್ಡು ತುಂಬಿತ್ತು. ಫ್ಯಾಕ್ಟರಿಗೆ ಆ ವಾರ ಬೇಕಿದ್ದದ್ದು ಇನ್ನೊಂದೇ ದೊಡ್ಡ ಲಾಟು. ಮರದಲ್ಲಿ ಕಾಯಿ ಬಲಿತು ನಿಂತಿದೆ, ಇನ್ನು ಕಾಯುವಂತಿಲ್ಲ. ನಾರಾಯಣಪ್ಪ ಶೆಡ್ಡಿನಲ್ಲಿ ದಿವಾಕರ್ ಎದುರು ಕೂತು ಮುಕ್ಕಾಲು ಗಂಟೆ ಚೌಕಾಸಿ ಮಾಡಿದರು. ಮಾತು ಬಂದು ಒಂದು ಬೆಲೆಗೆ ನಿಂತಿತು. ಅವರು ಟವೆಲ್ ಒದರಿ ಎದ್ದರು.

"ಈ ರೇಟ್‌ಗೆ ಕಾಯಿ ಅಲ್ಲ ಸಾರ್, ಮಾವಿನ ಎಲೇನೂ ಬರಲ್ಲ. ನಿಮ್ ಫ್ಯಾಕ್ಟರಿಗೆ ಬೀಗ ಬೀಳ! ನಾನು ಹೊರಟೆ."

ಕೋಣೆಯಲ್ಲಿ ಕೂತು ಪರದೆ ನೋಡುತ್ತಿದ್ದ ನಾನು ಕುರ್ಚಿ ತಳ್ಳಿ ಓಡಿದೆ. "ತಡೀರಿ ಸಾರ್, ಒತ್ತಬೇಡಿ! ಅವರು ಹೋಗಿಲ್ಲ, ಬರ್ತಾರೆ!" ದಿವಾಕರ್ ತಲೆಯೆತ್ತುವಷ್ಟರಲ್ಲಿ ಅವರ ಬೆರಳು ಗುಂಡಿಯ ಮೇಲಿತ್ತು. "ಹೊರಟೆ ಅಂತ ಅವರೇ ಹೇಳಿದ್ರಲ್ಲ ಮೇಡಂ, ರೆಕಾರ್ಡ್ ಆಗಿದೆ" ಎಂದರು. ರೆಕಾರ್ಡಂತೆ, ರೆಕಾರ್ಡು! ನಾನು ಚಪ್ಪಲಿ ಬಿಟ್ಟು ಗೇಟಿನ ಕಡೆ ಓಡಿದೆ.

ಅಲ್ಲಿ ನಾರಾಯಣಪ್ಪ ಟೀ ಲೋಟ ಹಿಡಿದು ಯಾರ್ಡಿಗೆ ಬೆನ್ನು ಮಾಡಿ ನಿಂತಿದ್ದರು. ಹಾಗೆ ಬೆನ್ನು ಮಾಡಿ ನಿಲ್ಲುವುದೂ ಶಾಸ್ತ್ರವೇ. "ಇರಪ್ಪಾ, ಇನ್ನೇನು ಕರೀತಾರೆ" ಎಂದು ಖಾದರ್ ಸಾಬರು ಹೇಳುತ್ತಿದ್ದರಂತೆ. ನಾನು ಇನ್ನೂ ಶೆಡ್ಡಿನ ಅರ್ಧದಲ್ಲಿರುವಾಗ ನಾರಾಯಣಪ್ಪನ ಜೇಬಿನ ಫೋನು ಸದ್ದು ಮಾಡಿತು. ಪಾರದರ್ಶಕತೆ ಇರಲೆಂದು ನಾವೇ ಇಟ್ಟ ಸಂದೇಶ ಅದು. ನಿಮ್ಮ ಮಾತುಕತೆ ಮುಕ್ತಾಯವಾಗಿದೆ, ಇದೇ ಬೆಲೆಗೆ ಮುನಿರಾಜು ಎಂಬುವರು ಒಪ್ಪಿದ್ದಾರೆ ಎಂದು ಕನ್ನಡದಲ್ಲಿ ಅಚ್ಚುಕಟ್ಟಾಗಿ ಬರೆದಿತ್ತು. ನಾನು "ನಾರಾಯಣಪ್ಪನವರೇ, ಬನ್ನೀ!" ಎಂದು ಕೂಗಿದೆ. ಅವರು ತಿರುಗಿದರು. ಕೈಯಲ್ಲಿ ಫೋನಿತ್ತು, ಓದಿ ಮುಗಿಸಿದ್ದರು.

ಅಷ್ಟರಲ್ಲಿ ಮುನಿರಾಜು ಬೇವಿನ ಮರದ ಕೆಳಗಿನಿಂದ ಫೋನು ಎತ್ತಿ ತೋರಿಸುತ್ತಾ, ನಗುನಗುತ್ತಾ ಗೇಟಿಗೆ ಬಂದ. ಅಣ್ಣ ಬಿಸಿ ಟೀಯನ್ನು ಅವನ ಮುಖಕ್ಕೆ ಎರಚಿದರು.

"ಏಮ್ರಾ ತಮ್ಮುಡಾ! ಅಣ್ಣ ಎದ್ದು ಬರೋದನ್ನೇ ಕಾಯ್ತಾ ಇದ್ದೇನೋ? ನಾನು ಬೇಡ ಅಂದ ರೇಟ್‌ಗೇ ತಲೆ ಆಡಿಸ್ದೇನೋ, ನಾಯಿ?"

ಕಣ್ಣು ಉರಿಯುತ್ತಿದ್ದ ಮುನಿರಾಜು ಏನು ನಡೆಯಿತೆಂದು ವಿವರಿಸಬಹುದಿತ್ತು. ಊರಿನ ಇಷ್ಟು ಜನರ ಮುಂದೆ ಟೀ ಎರಚಿಸಿಕೊಂಡವನಿಗೆ ವಿವರಣೆ ಎಲ್ಲಿಂದ ಬರಬೇಕು? "ಎದ್ದು ಬಾ ಅಂತ ನಾನು ಹೇಳಿದ್ನಾ? ನಿನ್ ಧಿಮಾಕು ನಿನಗೇ ತಿರುಗ್ತು" ಎಂದು ಅಣ್ಣನ ಎದೆಗೆ ಕೈ ಹಾಕಿ ನೂಕಿದ. ನಾರಾಯಣಪ್ಪ ಎಳನೀರಿನ ಗಾಡಿಯ ಮೇಲೆ ಬಿದ್ದರು. ಏಳುವಾಗ ಕೈಯಲ್ಲಿ ಮಚ್ಚಿತ್ತು.

ಮೊದಲ ಏಟು ಭುಜಕ್ಕೆ ಬಿತ್ತು. ಎಳನೀರು ಕೆತ್ತುವಾಗ ಬರುವಂಥದೇ ಶಬ್ದ. ಅದನ್ನು ನಾನು ಮರೆಯಲಾರೆ, ಈಗಲೂ ಎಳನೀರಿನ ಗಾಡಿ ಕಂಡರೆ ರಸ್ತೆ ದಾಟಿಬಿಡುತ್ತೇನೆ. ಬಿಳಿ ಅಂಗಿ ನೋಡನೋಡುತ್ತಾ ಕೆಂಪಾಯಿತು. ಮುನಿರಾಜು ಯಾರ್ಡಿನೊಳಗೆ ಓಡಿದ. ನಾನು ಅವನ ತೋಳು ಹಿಡಿದು ಕಂಪ್ಯೂಟರ್ ಕೋಣೆಗೆ ಎಳೆದುಕೊಂಡು ಅಗುಳಿ ಹಾಕಿದೆ.

ಹೊರಗೆ ಸರದಿಗೆ ಕಾದಿದ್ದ ಜನ ಒಬ್ಬರ ಮೇಲೊಬ್ಬರು ಬಿದ್ದರು. ಯಾರು ಯಾರ ಕಡೆ ಎಂಬುದು ಹೊಡೆಯುವವರಿಗೇ ಗೊತ್ತಿರಲಿಲ್ಲ. ಹಣ್ಣಿನ ಕ್ರೇಟುಗಳು ಹಾರಿ ಬಂದು ಕಿಟಕಿಯ ಗಾಜು ಪುಡಿಪುಡಿಯಾಯಿತು. ಒಂದು ಚೂರು ನನ್ನ ಹುಬ್ಬಿನ ಮೇಲೆ ಕೂತಿತು. ಯಾರೋ ದಿವಾಕರ್ ಕಾಲರ್ ಹಿಡಿದು ಅವರ ಟ್ಯಾಬ್ಲೆಟ್ಟಿನಿಂದಲೇ ಅವರ ಹಲ್ಲು ಉದುರಿಸಿದರು. ನಾನು ಸೆರಗನ್ನು ಮುದ್ದೆ ಮಾಡಿ ಮುನಿರಾಜುವಿನ ಭುಜಕ್ಕೆ ಒತ್ತಿ ಹಿಡಿದಿದ್ದೆ. ರಕ್ತ ನನ್ನ ಮೊಣಕೈವರೆಗೂ ಇಳಿಯಿತು. ಬಾಗಿಲಿನ ಮೇಲೆ ಮಚ್ಚು ಬೀಳತೊಡಗಿತು.

"ತೆಗೀರಿ ಮೇಡಮ್ಮ! ಇವತ್ತು ಅವನೋ ನಾನೋ! ಯಾರೂ ಕರೀಲಿಲ್ಲ ನನ್ನ, ಯಾರೂ ಕರೀಲಿಲ್ಲ!"

ಪ್ಲೈವುಡ್ಡಿನ ಬಾಗಿಲು, ಎಷ್ಟು ಹೊತ್ತು ತಡೆದೀತು? ನಾಲ್ಕಾರು ಏಟಿಗೆ ಸೀಳಿತು. ನಾನು ಅಡ್ಡ ನಿಂತು ತೆಲುಗಿನಲ್ಲಿ, ಕನ್ನಡದಲ್ಲಿ, ಬಾಯಿಗೆ ಬಂದದ್ದರಲ್ಲಿ ಬೇಡಿಕೊಂಡೆ. ನಾರಾಯಣಪ್ಪ ಒಂದೇ ಕೈಯಲ್ಲಿ ನನ್ನನ್ನು ಗೋಡೆಗೆ ಎಸೆದರು. ಮಚ್ಚು ಮೇಲೆದ್ದಿತು. ಮುನಿರಾಜು ತಲೆಗೆ ಅಡ್ಡವಾಗಿ ಬಲಗೈ ಎತ್ತಿದ. ಏಟು ಮುಂಗೈಗೆ ಬಿತ್ತು, ಮೂಳೆ ಕಂಡಿತು.

ಅಷ್ಟರಲ್ಲಿ ಖಾದರ್ ಸಾಬರು ಹಿಂದಿನಿಂದ ಬಂದು ನಾರಾಯಣಪ್ಪನ ಎರಡೂ ತೋಳುಗಳನ್ನು ತಬ್ಬಿ ಹಿಡಿದರು. ಅರವತ್ತು ದಾಟಿದ ಜೀವ, ಆದರೂ ಬಿಡಲಿಲ್ಲ. ನೆಲದ ಮೇಲೆ ಕುಸಿದಿದ್ದ ಮುನಿರಾಜು ಅಣ್ಣನ ಮುಖ ನೋಡುತ್ತಾ ಹೇಳಿದ:

"ಅಷ್ಟು ಟನ್ ಹಣ್ಣು ನನ್ ತೋಟದಲ್ಲಿ ಎಲ್ಲೈತೆ ಅಣ್ಣಾ? ನಿಂದೂ ಸೇರಿಸೇ ಅಲ್ವಾ ನಾನು ಹೂಂ ಅಂದಿದ್ದು. ಬಿಟ್ರೆ ಬೇರೆಯೋರ ಪಾಲಾಗ್ತಿತ್ತು."

ತೋಟದ ಒಂದೊಂದು ಮರದ ಇಳುವರಿ ಬಾಯಲ್ಲೇ ಇಟ್ಟುಕೊಂಡಿದ್ದ ಮನುಷ್ಯ ನಾರಾಯಣಪ್ಪ. ತಮ್ಮನ ತೋಟ ಆ ಲಾಟಿನ ಅರ್ಧವನ್ನೂ ಕೊಡಲಾರದೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಚ್ಚು ಕೈಯಿಂದ ಜಾರಿತು. "ಅಯ್ಯೋ ನನ್ ಕೈ ಸೇದಿಹೋಗ" ಎಂದು ತಮ್ಮನನ್ನು ಮಗುವಿನಂತೆ ಎತ್ತಿಕೊಂಡು ಹೊರಗೆ ಓಡಿದರು. ಹೊಡೆದಾಡುತ್ತಿದ್ದವರು ದಾರಿ ಬಿಟ್ಟರು.

ಗೇಟಿನಲ್ಲಿ ಹಣ್ಣು ತುಂಬಿದ ಪಿಕಪ್ ಒಂದಿತ್ತು. ಹಣ್ಣನ್ನೆಲ್ಲ ರಸ್ತೆಗೆ ಸುರಿದು ಅವನನ್ನು ಮಲಗಿಸಿದೆವು. ಕೋಲಾರದವರೆಗೂ ನಾರಾಯಣಪ್ಪ ತಮ್ಮನ ಕೈಯನ್ನು ಹೆಗಲ ಟವೆಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಕೂತಿದ್ದರು. "ಕಣ್ ಮುಚ್ಬೇಡ ಕಣೋ, ಮುನೀ, ಕಣ್ ಮುಚ್ಬೇಡ." ನನಗೆ ಅವರ ಮೇಲೆ ಕೊಲ್ಲುವಷ್ಟು ಸಿಟ್ಟು, ಅಷ್ಟೇ ಕರುಣೆ. ಆಸ್ಪತ್ರೆಯಲ್ಲಿ ಸ್ಟ್ರೆಚರ್ ಒಳಗೆ ಹೋದ ಮೇಲೆ ಅವರು ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತರು. ಪೊಲೀಸರು ಬಂದಾಗ ತಾವೇ ಎದ್ದು ಕೈ ಒಡ್ಡಿದರು.

ಮುನಿರಾಜು ಬದುಕಿದ. ಬಲಗೈ ಮಾತ್ರ ಇದ್ದೂ ಇಲ್ಲದಂತಾಯಿತು, ಬೆರಳುಗಳು ಮಡಚುವುದಿಲ್ಲ. ದಿವಾಕರ್ ವರ್ಗ ಮಾಡಿಸಿಕೊಂಡು ಹೋದರು. ನಮ್ಮ ಕಂಪನಿ ಒಂದು ವರದಿ ಸಿದ್ಧಪಡಿಸಿತು. ಸಿಸ್ಟಂ ನಿಗದಿಪಡಿಸಿದ ರೀತಿಯಲ್ಲೇ ಕೆಲಸ ಮಾಡಿದೆ, ಎಲ್ಲ ಹಂತಗಳೂ ಸರಿಯಾಗಿ ದಾಖಲಾಗಿವೆ ಎಂದು. ನನಗೂ ಸಹಿ ಹಾಕಲು ಕಳಿಸಿದ್ದರು. ನಾನು ಹರಿದು ಕಸದ ಬುಟ್ಟಿಗೆ ಹಾಕಿದೆ. ನೋಟಿಸು ಬಂತು, ಬರಲಿ. ಆ ಮೇಲೆ ಪ್ರಾಜೆಕ್ಟ್ ಹೆಡ್ಡೇ ಫೋನು ಮಾಡಿ, ಕರೆಯುವ ಗುಂಡಿ ಎಲ್ಲಿಡಬೇಕು ಮೇಡಂ ಎಂದು ಕೇಳಿದ. ಈಗ ನಗು ಬರಲ್ವೇನಪ್ಪಾ ಎಂದು ಕೇಳಿ ಫೋನಿಟ್ಟೆ.

ಕೇಸು ಕೋಲಾರದ ಕೋರ್ಟಿನಲ್ಲಿ ನಡೆದಾಗ ನಾನೂ ಸಾಕ್ಷಿ. ಎದ್ದು ಹೋಗುವುದೆಂದರೆ ಏನೆಂದು ಜಡ್ಜ್ ಸಾಹೇಬರಿಗೆ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ ಬರೆದುಕೊಂಡರು. ಆಮೇಲೆ ಮುನಿರಾಜು ಕಟಕಟೆಗೆ ಬಂದ. ಊರವರೆಲ್ಲ ಅವನು ಮಾತು ತಿರುಗಿಸಿ ಅಣ್ಣನನ್ನು ಉಳಿಸುತ್ತಾನೆಂದೇ ಅಂದುಕೊಂಡಿದ್ದರು. ಅವನು ಎಡಗೈಯಿಂದ ಬಲಗೈಯನ್ನು ಎತ್ತಿ ಕಟಕಟೆಯ ಮೇಲಿಟ್ಟು, "ನಮ್ಮಣ್ಣನೇ ಸ್ವಾಮಿ, ಎರಡು ಸಲ" ಎಂದ. ಹೆಚ್ಚೂ ಹೇಳಲಿಲ್ಲ, ಕಡಿಮೆಯೂ ಹೇಳಲಿಲ್ಲ.

ಹೊರಗೆ ವರಾಂಡದಲ್ಲಿ ಪೊಲೀಸರ ನಡುವೆ ನಾರಾಯಣಪ್ಪ ನಿಂತಿದ್ದರು, ಅರ್ಧಕ್ಕೆ ಇಳಿದುಹೋಗಿದ್ದರು. ಮುನಿರಾಜು ಅವರನ್ನು ದಾಟಿ ಮೆಟ್ಟಿಲ ಕಡೆ ನಡೆದ. "ಮುನೀ, ಬಾರೋ ಇಲ್ಲಿ" ಎಂದರು. ಅವನು ನಡೆಯುತ್ತಲೇ ಇದ್ದ. "ಬಾರೋ, ಒಂದ್ ಮಾತು." ನಾನೂ ಖಾದರ್ ಸಾಬರೂ ಪಕ್ಕದಲ್ಲಿ ನಿಂತು ಎಣಿಸುತ್ತಿದ್ದೆವು. ಮೂರನೇ ಸಲಕ್ಕೆ "ಮುನಿರಾಜೂ..." ಎಂದಷ್ಟೇ ಬಂತು. ಅವನು ಮೆಟ್ಟಿಲಿಳಿದು, ಗೇಟು ದಾಟಿ, ಶ್ರೀನಿವಾಸಪುರದ ಬಸ್ಸು ಹತ್ತಿಬಿಟ್ಟ.

ನಾನೀಗ ನಿವೃತ್ತಳು. ಇಂಥ ಸಿಸ್ಟಂ ಮಾಡುವ ಹೊಸ ಇಂಜಿನಿಯರುಗಳು ಕೆಲವೊಮ್ಮೆ ಸಲಹೆ ಕೇಳಿಕೊಂಡು ಬರುತ್ತಾರೆ. ಎದ್ದು ಹೋದವರಿಗಾಗಿ ಎಷ್ಟು ನಿಮಿಷ ಕಾಯುವಂತೆ ಇಡೋಣ ಮೇಡಂ ಎನ್ನುತ್ತಾರೆ. ನಿಮಿಷ ಇಡಬೇಡ್ರಪ್ಪಾ, ಒಬ್ಬ ಮನುಷ್ಯನನ್ನು ಇಡಿ ಎನ್ನುತ್ತೇನೆ. ಅವನು ಗೇಟಿನವರೆಗೆ ಹೋಗಿ, ಕರೆದು, ಮುಖ ನೋಡಿ ಬರಲಿ. ಹೊತ್ತು ಮೀರಿದ ಮೇಲೆ ಒಡಹುಟ್ಟಿದವರು ಕರೆದರೂ ಯಾರೂ ತಿರುಗಿ ನೋಡುವುದಿಲ್ಲ.