ಕಿಲ್ಲೀನ್ ಎಂದರೆ ಪುಟ್ಟ ಚರ್ಚು

ದೆವ್ವ ಕಂಡೆ ಎನ್ನುವವರನ್ನು "ಎಷ್ಟನೇ ಗ್ಲಾಸಿಗೆ ಕಂಡಿತು?" ಎಂದು ಕೇಳಿ ಎಲ್ಲರನ್ನೂ ನಗಿಸುತ್ತಿದ್ದವನು ನಾನು. ಈಗ ನೀವು ನನ್ನನ್ನು ಹಾಗೆಯೇ ಕೇಳಿದರೆ ಬೇಸರವಿಲ್ಲ. ಆದರೆ ಅದು ಭಾನುವಾರದ ಮಟಮಟ ಮಧ್ಯಾಹ್ನ, ಹೊಟ್ಟೆಯಲ್ಲಿದ್ದದ್ದು ಆಸ್ಪತ್ರೆಯ ಕಾಫಿ ಮಾತ್ರ.

ತೊಂಬತ್ತರ ದಶಕದಲ್ಲಿ ನಾವು ಅಮೆರಿಕದ ಜರ್ಮನ್‌ಟೌನಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಎದುರು ಮನೆಯ ಬ್ರಿಜಿಡ್ ಆಂಟಿ ಐರ್ಲೆಂಡಿನ ಹಳ್ಳಿಯವರು, ನಿವೃತ್ತ ಟೀಚರ್. ಅವರಿಗೆ ಊರ ಹೆಸರುಗಳ ಹುಚ್ಚು. 'ಬ್ಯಾಲಿ' ಎಂದರೆ ಊರು, 'ನಾಕ್' ಎಂದರೆ ಗುಡ್ಡ ಎಂದು ಅವರು ಹೇಳಿದರೆ ನಾನು ನಮ್ಮ ಹಳ್ಳಿ, ಕೆರೆ, ಕೊಪ್ಪಲುಗಳನ್ನು ಹಿಡಿದು ಪೈಪೋಟಿಗೆ ಇಳಿಯುತ್ತಿದ್ದೆ. ಊರಿನಲ್ಲಿ ಅವರ ಮನೆಯ ಹಿಂದಿನ ಹೊಲದ ಹೆಸರು ಕಿಲ್ಲೀನ್. ಪುಸ್ತಕದ ಪ್ರಕಾರ 'ಪುಟ್ಟ ಚರ್ಚು'. ಆದರೆ ಊರವರಿಗೆ ಅದು ಜ್ಞಾನಸ್ನಾನವಾಗದೆ, ಹೆಸರಿಡದೆ ಸತ್ತ ಕೂಸುಗಳನ್ನು ಅಪ್ಪಂದಿರು ಮುಸ್ಸಂಜೆಯಲ್ಲಿ ಒಬ್ಬರೇ ಒಯ್ದು ಹೂಳುತ್ತಿದ್ದ ಜಾಗ. ಹೆಸರಿಲ್ಲದ ಮಗುವನ್ನು ಅಲ್ಲಿ ಮಲಗಿರುವ ಕೂಸುಗಳು ತಮ್ಮದೆಂದುಕೊಳ್ಳುತ್ತವೆ ಎಂದು ಅವರ ತಾಯಿ ಹೇಳುತ್ತಿದ್ದರಂತೆ.

ನಮ್ಮ ಮಗಳು ಎರಡು ತಿಂಗಳು ಮೊದಲೇ ಹುಟ್ಟಿದಳು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯ ಮೇಲೆ 'ಬೇಬಿ ಗರ್ಲ್' ಎಂಬ ಚೀಟಿ. ಹನ್ನೊಂದನೇ ದಿನವೂ ಕಳೆಯಿತು.

"ಅಮ್ಮಂಗೆ ವೀಸಾ ಸಿಕ್ಲಿ ಕಣ್ರೀ, ಅವ್ರು ಬಂದ್ಮೇಲೆ ಶಾಸ್ತ್ರವಾಗಿ ಹೆಸರಿಡೋಣ" ಎಂದಳು ನನ್ನ ಹೆಂಡತಿ ಸುಧಾ. ನಾನೂ ಹೂಂ ಎಂದೆ. ಬ್ರಿಜಿಡ್ ಆಂಟಿ ಮಾತ್ರ ದಿನಾ ಬಾಗಿಲು ತಟ್ಟಿ, ಹೆಸರಿಟ್ಟಿರಾ ಎಂದು ವಿಚಾರಿಸುತ್ತಿದ್ದರು. ಇಲ್ಲ ಎಂದರೆ ಅವರ ಮುಖ ಸಪ್ಪಗಾಗುತ್ತಿತ್ತು. ಆಂಟಿಗೆ ನಮ್ಮ ಪುರೋಹಿತರಿಗಿಂತ ಅವಸರ ಎಂದು ನಾವು ತಮಾಷೆ ಮಾಡಿಕೊಂಡೆವು.

ಹನ್ನೆರಡನೇ ದಿನ ಸುಧಾ ಮನೆಯಲ್ಲಿ ಮಲಗಿದ್ದಳು, ನಾನು ಪೆಟ್ಟಿಗೆಯ ಪಕ್ಕ ಕೂತಿದ್ದೆ. ಇದ್ದಕ್ಕಿದ್ದಂತೆ ಒದ್ದೆ ಮಣ್ಣಿನ ವಾಸನೆ ಬಂತು. ಔಷಧಿಯ ವಾಸನೆ ಬಿಟ್ಟು ಬೇರೇನೂ ಸುಳಿಯದ ಆ ಕೋಣೆಯಲ್ಲಿ, ಆಗತಾನೇ ಅಗೆದ ಗುಂಡಿಯ ವಾಸನೆ. ಮರುಕ್ಷಣ ಅಲಾರಂ ಕೂಗಿತು. ಮಗು ಉಸಿರಾಡುತ್ತಿರಲಿಲ್ಲ. ನರ್ಸ್ ಓಡಿಬಂದು ಪಾದ ತಟ್ಟಿದಳು, ಬೆನ್ನು ಉಜ್ಜಿದಳು. ಬಿಗಿದ ಮುಷ್ಟಿಯನ್ನು ಬಿಡಿಸಿದಾಗ ಆ ಪುಟ್ಟ ಅಂಗೈಯಲ್ಲಿ ಚಿಟಿಕೆಯಷ್ಟು ಕಪ್ಪು ಮಣ್ಣಿತ್ತು. ನರ್ಸ್ ನನ್ನ ಕೈಗಳನ್ನು ನೋಡಿದಳು. ನನ್ನ ಕೈಗಳು ಶುಭ್ರವಾಗಿದ್ದವು.

ಶಾಸ್ತ್ರ, ಮುಹೂರ್ತ, ಅತ್ತೆ ಯಾವುದೂ ನನಗೆ ನೆನಪಾಗಲಿಲ್ಲ. ಪೆಟ್ಟಿಗೆಯ ಕಿಂಡಿಗೆ ಬಾಯಿಟ್ಟು ನನ್ನ ಅಜ್ಜಿಯ ಹೆಸರನ್ನು ಕೂಗಿದೆ. ಪಾರ್ವತಿ, ಪಾರ್ವತಿ, ಪಾರ್ವತಿ. ಮೂರನೆಯ ಸಲಕ್ಕೆ ಮಗು ಸಣ್ಣಗೆ ಅತ್ತಿತು.

ದಿನ ತುಂಬದ ಮಕ್ಕಳು ಹೀಗೆ ಆಗಾಗ ಉಸಿರು ಮರೆಯುತ್ತವೆ, ತಟ್ಟಿದರೆ ಮರಳುತ್ತವೆ ಎಂದರು ಡಾಕ್ಟರು. ಒಪ್ಪಿದೆ. ಮಣ್ಣು ಯಾರದೋ ಕೈಗವಸಿನಿಂದ ಬಂದಿರಬೇಕು ಎಂದರು. ಅದನ್ನೂ ಒಪ್ಪಲು ಇಷ್ಟು ವರ್ಷ ಪ್ರಯತ್ನಪಟ್ಟಿದ್ದೇನೆ, ಆಗಿಲ್ಲ.

ನಾಲ್ಕು ವರ್ಷದ ಮೇಲೆ ಮಗ ಹುಟ್ಟಿದ. ಈ ಬಾರಿ ಅತ್ತೆ ಮೊದಲೇ ಬಂದಿದ್ದರು, ಜೊತೆಗೆ ಪಂಚಾಂಗವನ್ನೂ ತಂದಿದ್ದರು. ಹೊಕ್ಕುಳಬಳ್ಳಿ ಕತ್ತರಿಸುವ ಮೊದಲೇ ನಾನು ಬಗ್ಗಿ ಅವನ ಕಿವಿಯಲ್ಲಿ ಹೆಸರು ಹೇಳಿಬಿಟ್ಟೆ. ಅತ್ತೆ ವಾರಗಟ್ಟಲೆ ಮುನಿಸಿಕೊಂಡರು. ಯಾಕೆ ಹಾಗೆ ಮಾಡಿದಿರಿ ಎಂದು ಸುಧಾ ಮಾತ್ರ ಇವತ್ತಿನವರೆಗೂ ಕೇಳಿಲ್ಲ.