ಬೀಗರು ಹಾರಿಸಿದ ಹಕ್ಕಿಗಳು

ಹಕ್ಕಿ ನೋಡಲು ಹೋಗುವವರಿಗೆ ಕಣ್ಣಿಗಿಂತ ಮೊದಲು ಬೇಕಾದದ್ದು ಮುಚ್ಚಿದ ಬಾಯಿ. ಇದನ್ನು ನಮ್ಮ ಗುಂಪಿಗೆ ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲೂಕಿನ ಮಾತುಗಾರರನ್ನೇ ಆರಿಸಿ ತಂದಂತಿದೆ ನಮ್ಮ ಗುಂಪು. ಭಾನುವಾರ ಬಂತೆಂದರೆ ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ಯಾವುದಾದರೂ ಕೆರೆಗೋ ಉದ್ಯಾನಕ್ಕೋ ಹೊರಡುತ್ತೇವೆ. ಅಲ್ಲಿ ಮುಟ್ಟುವ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತಿರುತ್ತದೆ. ಹಕ್ಕಿಗಳು ಮೇಯುವುದನ್ನು ಮುಗಿಸಿ, ಕೊಕ್ಕನ್ನು ರೆಕ್ಕೆಯೊಳಗೆ ಹುದುಗಿಸಿ ಮಲಗಿರುತ್ತವೆ. ನಮ್ಮವರು "ಎಲ್ಲೈತ್ರಿ? ಯಾವುದ್ರಿ? ಆ ಕರೇದೇನ್ರಿ?" ಎಂದು ಕೂಗಿ ಅವನ್ನೂ ಎಬ್ಬಿಸುತ್ತಾರೆ.

ನಾನು ಹಿರೇಕೆರೂರಿನ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು. ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ, ಉಸಿರು ಬಿಗಿಹಿಡಿದು, ಸುಮ್ಮನೆ ಕೂತು ನೋಡುವುದೇ ನನ್ನ ಹೊಟ್ಟೆಪಾಡು. ಹಕ್ಕಿ ನೋಡುವುದೂ ಅಂಥದ್ದೇ ಎಂದು ನಂಬಿ ಈ ಗುಂಪನ್ನು ನಾನೇ ಕಟ್ಟಿದೆ. ಕೈಯಾರೆ ಕಟ್ಟಿಕೊಂಡದ್ದು, ಈಗ ಯಾರ ಮುಂದೆ ಅಳಲಿ?

ತಡವಾಗುವುದಕ್ಕೆ ಕಾರಣ ನಮ್ಮ ಕಡೆಯ ಚಹಾ. ಒಬ್ಬರ ಊರಿನ ಮೇಲೆ ಹಾದು ಹೋಗುತ್ತಿದ್ದೇವೆ ಅಂದರೆ ಅವರ ಮನೆ ಹೊಸ್ತಿಲು ತುಳಿಯದೆ ದಾಟುವಂತಿಲ್ಲ. ಚಹಾ ಅಂದರೆ ಬರೀ ಚಹಾ ಅಲ್ಲ; ಮೊದಲು ಕೈಕಾಲಿಗೆ ನೀರು, ಆಮೇಲೆ ಉಪ್ಪಿಟ್ಟು, ಅದರ ಮೇಲೆ ಚುರುಮುರಿ, ನಡುವೆ "ಇನ್ನೊಂದೀಟ ಹಾಕ್ಸಿಕೊಳ್ರಿ, ನಮ್ಮನಿ ಉಪ್ಪಿಟ್ಟು ಸೇರಲಿಲ್ಲೇನು?" ಎಂಬ ಜಗಳ. ಬಂಕಾಪುರದ ಕೋಟೆಯಲ್ಲಿ ನವಿಲು ನೋಡಲು ನಸುಕಿನಲ್ಲಿ ಹೊರಟ ನಾವು, ಶಿಗ್ಗಾಂವಿಯಲ್ಲಿ ನಮ್ಮ ಗುಂಪಿನ ಮಾಸ್ತರರ ಮನೆಯ ಉಪ್ಪಿಟ್ಟು ಮುಗಿಸಿ ಕೋಟೆ ಹೊಕ್ಕಾಗ ಒಂದು ನವಿಲೂ ಹೊರಗಿರಲಿಲ್ಲ. ಮಾಸ್ತರರು ತಾವೇ ನವಿಲಿನಂತೆ ಕೂಗತೊಡಗಿದರು. ಅವರು ನಿವೃತ್ತರು. ಮಕ್ಕಳಿಗೆ ಪಾಠ ಹೇಳಿ ಹೇಳಿ ಗಂಟಲು ಗಟ್ಟಿಯಾಗಿದೆ. ಕೋಟೆಯ ನಾಯಿಗಳೆಲ್ಲ ಓಡಿ ಬಂದವು, ನವಿಲು ಬರಲಿಲ್ಲ.

ಸಮುದ್ರದ ಕಥೆ ಕೇಳಲೇಬೇಡಿ. ಬೆಳ್ಳಕ್ಕಿ, ಟಿಟ್ಟಿಭ ನೋಡಿ ಬೇಜಾರಾಯಿತು, ಕಡಲಹಕ್ಕಿ ನೋಡೋಣ ಎಂದು ಕುಮಟೆಗೆ ಕರೆದುಕೊಂಡು ಹೋದೆ. ದಂಡೆಯ ಮೇಲೆ ಸಣ್ಣ ಸಣ್ಣ ಹಕ್ಕಿಗಳು ತೆರೆಯ ಹಿಂದೆ ಹಿಂದೆ ಓಡುತ್ತ ಹುಳ ಹೆಕ್ಕುತ್ತಿದ್ದವು. ಎಂಥ ಚಂದ! ತೋರಿಸಬೇಕೆಂದು ತಿರುಗಿದರೆ ಇಡೀ ಗುಂಪು ಪ್ಯಾಂಟು ಮಡಚಿ ನೀರಿಗಿಳಿದಿತ್ತು. ಸವಣೂರಿನಲ್ಲಿ ಖಾರ, ಅಂದರೆ ಎಣ್ಣೆಯಲ್ಲಿ ಕರಿದ ಕುರುಕಲು, ಮಾಡುವ ಮನೆತನದ ಸಾಹೇಬರು ಮಾತ್ರ ದಂಡೆಯಲ್ಲಿದ್ದರು. ಪಾಪ, ಇವರಾದರೂ ನೋಡುತ್ತಿದ್ದಾರಲ್ಲ ಎಂದು ಹತ್ತಿರ ಹೋದೆ. ಅವರು ಚೀಲ ಬಿಚ್ಚಿ ಸವಣೂರ ಖಾರವನ್ನು ಮುಷ್ಟಿ ಮುಷ್ಟಿ ತೂರುತ್ತಿದ್ದರು. ಕಡಲಕಾಗೆಗಳು ಅವರ ತಲೆಯ ಮೇಲೆ ಮುತ್ತಿಕೊಂಡು ಕಿರುಚುತ್ತಿದ್ದವು.

"ನೋಡ್ರಿ ಮೇಡಮ್ಮಾರ," ಎಂದರು ಸಾಹೇಬರು, ಮುಖವೆಲ್ಲ ಅರಳಿಸಿ. "ನಮ್ಮ ಖಾರದ ರುಚಿ ಸಮುದ್ರದ ಹಕ್ಕಿಗೂ ಹತ್ತೇತಿ. ನೀವು ಕೊರಳಾಗ ಕಟ್ಕೊಂಡಿದ್ದು ಯಾತಕ್ಕ ಬೇಕ್ರಿ? ಕೈಯಾಗ ಬಂದು ಕುಂದರ್ತಾವ."

ಹಕ್ಕಿಗೆ ಕರಿದದ್ದು ಹಾಕಬಾರದು ಎಂದು ನಾನು ಕೂಗಾಡಿದೆ. "ಮನಷ್ಯಾರಿಗೆ ಹಾಕಿದ್ರ ನಡೀತೈತೇನ್ರಿ ಹಂಗಾರ?" ಎಂದು ಅವರು ನನಗೂ ಒಂದು ಮುಷ್ಟಿ ಕೊಟ್ಟರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಇಲ್ಲಿ ಎತ್ತು ನಾನೊಬ್ಬಳೇ. ಆ ಖಾರ ಬಹಳ ಚೆನ್ನಾಗಿತ್ತು, ಅದೂ ಒಂದು ಸಿಟ್ಟು.

ಇಷ್ಟೆಲ್ಲ ಆದರೂ ಸಹಿಸಿಕೊಂಡಿದ್ದೆ. ಹೋದ ಚಳಿಗಾಲದಲ್ಲಿ ಮಾತ್ರ ಸಹಿಸುವಂತಿರಲಿಲ್ಲ, ಯಾಕೆಂದರೆ ಆ ಸಲ ನಮ್ಮ ಅಕ್ಕ ಬರುವವಳಿದ್ದಳು.

ಅಕ್ಕ ಚಿಕ್ಕೇರೂರಿನಲ್ಲಿದ್ದಾಳೆ. ಅವಳ ಕಣ್ಣಿಗೆ ಗ್ಲಾಕೋಮಾ. ಹುಬ್ಬಳ್ಳಿಯ ಡಾಕ್ಟರು ಹನಿ ಬರೆದುಕೊಟ್ಟು, ಹೋದ ನೋಟ ಹೋಯಿತು, ಇದ್ದದ್ದನ್ನು ಎಷ್ಟು ದಿನ ಹಿಡಿದಿಡಬಹುದೋ ನೋಡೋಣ ಎಂದಿದ್ದರು. ಅವಳಿಗೆ ನಡುವಿನದಷ್ಟೇ ಕಾಣುತ್ತದೆ, ಸುತ್ತಲಿನದು ಕಾಣುವುದಿಲ್ಲ. "ಬಾಗಿಲಾ ಹಾಕ್ಕೋತ ಹೊಂಟಾರ ನೋಡ," ಅನ್ನುತ್ತಾಳೆ, "ಈಗ ಸಂದಿ ಒಂದು ಉಳದೈತಿ." ಸಾರಿಗೆ ಉಪ್ಪು ಕಡಿಮೆಯಾಗಿದೆ ಅನ್ನುವ ದನಿಯಲ್ಲೇ ಅನ್ನುತ್ತಾಳೆ.

ಚಿಕ್ಕವರಿದ್ದಾಗ ನಾನು ಶಾಲೆಗೆ ಹೋದೆ, ಅಕ್ಕ ಹೊಲಕ್ಕೆ ಹೋದಳು. ಜೋಳ ತೆನೆ ಹಾಯ್ದಾಗ ಹಕ್ಕಿ ಕಾಯಲು ಅಟ್ಟದ ಮೇಲೆ ನಿಂತು ಕವಣೆ ಬೀಸುವುದು, ತಗಡಿನ ಡಬ್ಬಿ ಬಡಿಯುವುದು, ಹೋ ಎಂದು ಕೂಗುವುದು ಅವಳ ಪಾಲಿನ ಕೆಲಸ. ಮದುವೆಯಾಗಿ ಹೋದ ಮನೆಯಲ್ಲೂ ಅದೇ. ಚಳಿಗಾಲದಲ್ಲಿ ಉತ್ತರದಿಂದ ಬರುವ ದೊಡ್ಡ ಬಾತುಗಳು ಕಡಲೆ ಹೊಲಕ್ಕೆ ಇಳಿದರೆ ಓಡಿಸಲು ಮೊದಲು ಓಡುವವಳು ಅವಳೇ. ಆ ಬಾತುಗಳ ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇರುತ್ತವೆ, ಹಿಮಾಲಯ ದಾಟಿ ಬರುತ್ತವೆ ಎಂದೆಲ್ಲ ನಾನೊಮ್ಮೆ ಹೇಳಿದಾಗ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನ ಕಡೆ ತಿರುಗಿದಳು.

"ಹೌದನಬೇ? ಪಟ್ಟಿ ಇರ್ತಾವ?" ಎಂದಳು. "ಹುಟ್ಟಿದಾಗಿಂದ ಓಡ್ಸಿದ್ದ ಆತು ನನಗ. ಅವುಗಳ ಬೆನ್ನ ನೋಡೇನಿ, ಮಾರಿ ನೋಡಿಲ್ಲ. ಊರ ಮಂದೀನೆಲ್ಲಾ ಕರ್ಕೊಂಡು ಅಡ್ಡಾಡ್ತಿ, ನನ್ನೂ ಒಮ್ಮೆ ಕರ್ಕೊಂಡ ಹೋಗವಾ. ಕಣ್ಣ ಇರೂತನಾ ಒಮ್ಮೆ ಕುಂತ ನೋಡ್ತೇನಿ."

ಅಷ್ಟೇ ಅವಳು ಕೇಳಿದ್ದು. ಜೀವಮಾನದಲ್ಲಿ ನನ್ನಿಂದ ಇನ್ನೇನನ್ನೂ ಕೇಳಿದವಳಲ್ಲ.

ಹಾನಗಲ್ಲಿನಿಂದ ಶಿಗ್ಗಾಂವಿಯ ಕಡೆಗೆ ಹೋಗುವಾಗ ಸಿಗುವ ಒಂದು ಹಳ್ಳಿಯ ಕೆರೆಗೆ ಬಾತುಗಳು ಇಳಿದಿವೆ ಎಂದು ತಿಳಿಯಿತು. ಹಳ್ಳಿಯ ಹೆಸರು ಹೇಳುವುದಿಲ್ಲ, ಹೇಳಿದರೆ ಮುಂದಿನ ಚಳಿಗಾಲಕ್ಕೆ ನನ್ನನ್ನು ಊರೊಳಗೆ ಬಿಡಲಿಕ್ಕಿಲ್ಲ. ಗೆಳತಿಯೊಬ್ಬಳಿಂದ ಮೂರು ಕಾಲಿನ ದೊಡ್ಡ ದುರ್ಬೀನು ತಂದಿಟ್ಟುಕೊಂಡೆ. ಅದರಲ್ಲಿ ಹಕ್ಕಿಯನ್ನು ಹಿಡಿದು ನಿಲ್ಲಿಸಿ ಕೊಟ್ಟರೆ ಅಕ್ಕನ ಸಂದಿಗೆ ಸಾಕು. ಗುಂಪಿಗೆ ಕಟ್ಟುನಿಟ್ಟಾಗಿ ಹೇಳಿದೆ: ಯಾರ ಮನೆಯಲ್ಲೂ ಚಹಾ ಇಲ್ಲ, ಯಾರಿಗೂ ಸುದ್ದಿ ಮುಟ್ಟಿಸಕೂಡದು, ಕೆರೆಯ ದಂಡೆಯಲ್ಲಿ ಉಸಿರು ಸಹ ಮೆಲ್ಲಗೆ ಬಿಡಬೇಕು.

ಮಾಸ್ತರರು ತಲೆ ಕೆರೆದುಕೊಂಡರು. "ಅದು ನಮ್ಮ ಬೀಗರ ಊರ್ರಿ ಮೇಡಮ್ಮಾರ. ಮಗಳನ್ನ ಅಲ್ಲೇ ಕೊಟ್ಟೇನಿ. ಹೇಳದ ಕೇಳದ ಬಂದು ಹ್ವಾದ್ರ ನಾಳೆ ಮಾರಿ ಹೆಂಗ ತೋರಸ್ಲಿ?"

"ಮಾರಿ ಆಮ್ಯಾಲೆ ತೋರಸ್ರಿ. ಮದಲ ಹಕ್ಕಿ ನೋಡೂನು," ಎಂದೆ.

ಅವರು ಹೂಂ ಎಂದರು. ಆ ಹೂಂ ಬಹಳ ಸಣ್ಣದಿತ್ತು. ಆಗಲೇ ನನಗೆ ಸಂಶಯ ಬರಬೇಕಿತ್ತು.

ಆ ದಿನ ಎಲ್ಲವೂ ಸರಿಯಾಗಿ ನಡೆಯಿತು, ಅದೇ ವಿಚಿತ್ರ. ಅಕ್ಕ ತಲೆಗೆ ಎಣ್ಣೆ ಹಚ್ಚಿ, ಮದುವೆಗೆ ಉಡುವ ಇಳಕಲ್ ಸೀರೆ ಉಟ್ಟು ಚಿಕ್ಕೇರೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಳು. ಹಾನಗಲ್ಲಿನಲ್ಲಿ ಉಳಿದವರು ಕೂಡಿಕೊಂಡರು, ಯಾರೂ ತಡಮಾಡಲಿಲ್ಲ. ಸಾಹೇಬರು ಖಾರದ ಚೀಲವನ್ನು ಟೆಂಪೊದಲ್ಲೇ ಬಿಟ್ಟು ಇಳಿದರು. ಎಳೆಬಿಸಿಲು ಬೀಳುವ ಹೊತ್ತಿಗೆ ಕೆರೆಯ ಅಂಚಿನ ಜಾಲಿಗಿಡಗಳ ಹಿಂದೆ ನಾವು ಕೂತಿದ್ದೆವು. ಎದುರಿಗೆ ನೀರಿನಂಚಿನಲ್ಲಿ ಬಾತುಗಳು ದಟ್ಟವಾಗಿ ನಿಂತಿದ್ದವು, ನೀರೇ ಕಾಣದಷ್ಟು. ಯಾರೂ ಮಾತಾಡಲಿಲ್ಲ. ನಮ್ಮ ಗುಂಪು ಹೀಗೂ ಇರಬಲ್ಲದೇ ಎಂದು ನನ್ನ ಕಣ್ಣು ತುಂಬಿ ಬಂತು.

ದುರ್ಬೀನು ನಿಲ್ಲಿಸಿ, ಒಂದು ಬಾತಿನ ಮುಖ ಹಿಡಿದು, ಅಕ್ಕನನ್ನು ಮಣೆಯ ಮೇಲೆ ಕೂರಿಸಿದೆ. ಅವಳು ಬಾಗಿ ಕಣ್ಣು ಇಟ್ಟಳು.

"ಅಯ್ ಯವ್ವಾ," ಎಂದಳು ಮೆಲ್ಲಗೆ.

ಆಗ ಧಡಾರ್ ಎಂದಿತು.

ಒಂದಲ್ಲ, ಸರಕ್ಕೆ ಸರವೇ ಪಟಾಕಿ. ನಾನು ಗಿರ್ರನೆ ಹಿಂದಕ್ಕೆ ತಿರುಗಿದೆ. ನಮ್ಮ ಬೆನ್ನ ಹಿಂದಿನ ಏರಿಯ ಮೇಲೆ ಹೊಗೆ ಏಳುತ್ತಿತ್ತು. ಹೊಗೆಯ ನಡುವೆ ಹೊಸ ರುಮಾಲು ಸುತ್ತಿದ ಹಿರಿಯರೊಬ್ಬರು, ಅವರ ಹಿಂದೆ ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು, ಚಹಾದ ಕಿಟ್ಲಿ, ಒಬ್ಬನ ಕೊರಳಲ್ಲಿ ಬಾರಿಸುವ ಹಲಗಿ. ಮಾಸ್ತರರ ಬೀಗರು! ಸುದ್ದಿ ಮುಟ್ಟಿತ್ತು.

ಪಿತ್ತ ನೆತ್ತಿಗೇರಿತು. "ಏನ್ ಮಂದಿರೀ ನೀವು! ಬುದ್ಧಿ ಐತೇನ್ರಿ! ಹಕ್ಕಿ ನೋಡಾಕ ಬಂದವರ ಮುಂದ ಪಟಾಕಿ ಹಾರಸ್ತಾರೇನ್ರಿ!" ಎಂದು ಏರಿಯತ್ತ ಓಡುತ್ತ ಕೂಗಿದೆ. ನನ್ನ ಹಿಂದಿನಿಂದ ಮಾಸ್ತರರು "ಮ್ಯಾಲೆ ನೋಡ್ರಿ ಮೇಡಮ್ಮಾರ, ಮ್ಯಾಲೆ!" ಎಂದು ಅರಚಿದರು. "ನೀವು ಬಾಯಿ ಮುಚ್ಚರಿ! ಎಲ್ಲಾ ನಿಮ್ಮಿಂದನ!" ಎಂದು ತಿರುಗದೆಯೇ ಗದರಿಸಿದೆ. ಆ ಹಿರಿಯರಿಗೆ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವರು ಕಡ್ಡಿಪೆಟ್ಟಿಗೆ ಹಿಡಿದುಕೊಂಡು ಗಾಬರಿಯಾಗಿ ನಿಂತುಬಿಟ್ಟರು.

"ನಿಮಗ ತೋರ್ಸಾಕಂತನ ಹಾರಿಸಿದೆವ್ರಿ ತಾಯಿ," ಎಂದರು ಕೊನೆಗೆ. "ದೂರದಿಂದ ಹಕ್ಕಿ ನೋಡಾಕ ಬರಾಕತ್ತಾರ, ಗದ್ಲಾ ಮಾಡಬ್ಯಾಡ್ರಿ, ಮನಿಗೂ ಬರಂಗಿಲ್ಲಂತ ಬೀಗ್ರು ಹೇಳಿದ್ರು. ಮನಿಗಂತೂ ಬರಂಗಿಲ್ಲ, ಅದರ ಬದ್ಲಿ ಹಕ್ಕೀನರ ಚಲೋತ್ನಾಗಿ ತೋರಸೂನು ಅಂದ್ವಿ. ಕುಂತ ಹಕ್ಕಿ ಏನ್ ನೋಡ್ತೀರಿ? ಎದ್ರ ಚಂದ. ಕಡ್ಲಿ ಹೊಲದಾಗಿಂದ ಎಬ್ಸಾಕ ಇಟ್ಟಿದ್ದ ಪಟಾಕಿ ಇವು. ಒಂದೂ ಉಳಸಲಿಲ್ರಿ."

ಯಾವ ಗೋಡೆಗೆ ತಲೆ ಚಚ್ಚಿಕೊಳ್ಳುವುದು? ಮರ್ಯಾದೆ ಮಾಡಲೆಂದೇ ಕೆಡಿಸಿದವರ ಮೇಲೆ ಸಿಟ್ಟು ತೀರಿಸುವುದೂ ಕಷ್ಟ. ದುಮುಗುಡುತ್ತ ಕೆರೆಯತ್ತ ತಿರುಗಿದೆ. ನೀರು ಬಯಲಾಗಿ ಬಿದ್ದಿತ್ತು. ಆಕಾಶದಲ್ಲೂ ಏನೂ ಇರಲಿಲ್ಲ. ಅಕ್ಕ ಎದ್ದು ನಿಂತು, ಕತ್ತೆತ್ತಿ, ತಲೆಯನ್ನು ಆಚೆ ಈಚೆ ಆಡಿಸುತ್ತ ಹುಡುಕುತ್ತಿದ್ದಳು. ಸಂದಿಯಲ್ಲಿ ಅಷ್ಟು ದೊಡ್ಡ ಆಕಾಶ ಹಿಡಿಯುವುದು ಹೇಗೆ?

ಹತ್ತಿರ ಹೋಗಿ ಕೈ ಹಿಡಿದೆ. ನನಗೆ ಅಳು ಬರುತ್ತಿತ್ತು. "ಅಕ್ಕಾ, ಹೋತಲ್ಲಬೇ. ಈ ಮಂದಿ ಎಲ್ಲಾ ಕೆಡಿಸಿಬಿಟ್ರು."

"ಒಂದರ ಮಾರಿ ಕಂಡ್ತವಾ," ಎಂದಳು ಅಕ್ಕ. "ಪಟ್ಟಿ ಎರಡೂ ಕಂಡ್ವು. ನನ್ನ ಕಡೇನ ನೋಡಾಕತ್ತಿತ್ತು. ಆಮ್ಯಾಲೆ ಒಮ್ಮಿಗೇ ಖಾಲಿ ಆತು. ತಲಿ ಮ್ಯಾಲೆ ರೆಕ್ಕಿ ಸಪ್ಪಳ ಏನ್ ಕೇಳ್ತೀ! ನೋಡಬೇಕಂತ ಎದ್ದೆ, ಒಂದು ರೆಕ್ಕಿ ಸಿಗ್ತು, ಮತ್ತೊಂದು ಸಿಗೂದ್ರಾಗ ಹೋದ್ವು." ಆಮೇಲೆ ನನ್ನ ಕೈ ಅದುಮಿದಳು. "ಎಲ್ಲಾ ಕೂಡಿ ಎದ್ದಾಗ ಹೆಂಗ ಕಂಡ್ವು? ನೀ ಹೇಳ. ನಿನ್ನ ಕಣ್ಣ ಚಲೋ ಅದಾವ."

ನಾನು ಬಾಯಿ ತೆರೆದೆ. ಇಡೀ ಕೆರೆ ಎದ್ದು ತಲೆಯ ಮೇಲೆ ಹಾಯ್ದು ಹೋಗುವಾಗ ನಾನು ಬೆನ್ನು ತಿರುಗಿಸಿಕೊಂಡು ಒಬ್ಬ ಮುದುಕರನ್ನು ಬೈಯುತ್ತಿದ್ದೆ.

"ನಾ ಹೇಳ್ತೇನ್ರಿ ಅವ್ವಾರ," ಎಂದರು ಮಾಸ್ತರರು, ಯಾರೂ ಕೇಳದೆ. "ಮದಲ ಎಲ್ಲಾ ಕೂಡಿ ಒಂದು ಮುದ್ದಿ ಆಗಿ ಎದ್ವು. ಕೆರೀಗೆ ಹಾಸಿದ್ದ ಕೌದಿ ಎತ್ತಿ ಝಾಡಿಸಿದಂಗ."

"ಕೌದಿ ಅಲ್ರೀ," ಎಂದರು ಸಾಹೇಬರು, "ಕಡಾಯಿಗೆ ಖಾರಾ ಬಿಟ್ಟ ಕೂಡ್ಲೆ ಬುಸ್ ಅಂತ ಮ್ಯಾಲೇಳ್ತೈತಿ ನೋಡ್ರಿ, ಹಂಗ ಎದ್ವು."

ಏರಿ ಇಳಿದು ಬಂದು ಬುಟ್ಟಿ ಇಳಿಸಿದ ಬೀಗತಿ ಅಕ್ಕನ ಪಕ್ಕ ಕುಕ್ಕರಿಸಿದರು. "ರಾಶಿ ತೂರಿದಂಗ ಇತ್ತಬೇ ಯಕ್ಕಾ. ಹೊಟ್ಟು ಒಂದ ಕಡಿ, ಕಾಳ ಒಂದ ಕಡಿ. ಆಮ್ಯಾಲೆ ಸಾಲ ಹಿಡಿದ್ವು."

"ಎರಡ ಸಾಲ," ಎಂದರು ಮಾಸ್ತರರು. "ಮೂರ ಸಾಲ ಇದ್ವು, ಬೀಗ್ರ ಕಣ್ಣಿಗೆ ಪರೆ ಬಂದೈತಿ," ಎಂದರು ಬೀಗರು, ಅಂಜಿಕೆ ಬಿಟ್ಟು. ಹಾನಗಲ್ಲ ಕಡೆಗೆ ಹೋದವು ಎಂದು ಒಬ್ಬರು, ಇಲ್ಲ ಸವಣೂರ ಕಡೆಗೆ ಹೊರಳಿದವು ಎಂದು ಇನ್ನೊಬ್ಬರು. ಎಲ್ಲರೂ ಒಟ್ಟಿಗೇ, ಒಬ್ಬರ ಮೇಲೊಬ್ಬರು, ಕೈ ಬೀಸಿ ಬೀಸಿ, ಆ ಹಾಳು ದೊಡ್ಡ ಗಂಟಲಿನಲ್ಲಿ ಮಾತಾಡುತ್ತಿದ್ದರು. ಅಕ್ಕ ಚಹಾದ ಬಟ್ಟಲು ಹಿಡಿದು, ದನಿ ಬಂದ ಕಡೆಗೆಲ್ಲ ಮುಖ ತಿರುಗಿಸುತ್ತ, "ಹೌದಾ? ಮತ್ತ? ಮತ್ತ?" ಎನ್ನುತ್ತ ನಗುತ್ತಿದ್ದಳು.

"ಬಣ್ಣಾ ಹೆಂಗಿತ್ರಿ?" ಎಂದು ಕೇಳಿದಳು.

"ಹೊಟ್ಟಿ ಬೆಳ್ಳಗ, ರೆಕ್ಕಿ ತುದಿ ಕೆಂಪಗಿತ್ತು," ಎಂದರು ಸಾಹೇಬರು.

ಕೆಂಪಂತೆ! ಆ ಬಾತಿನ ರೆಕ್ಕೆಯ ತುದಿ ಕಪ್ಪು, ಯಾವ ಪುಸ್ತಕ ತೆಗೆದರೂ ಕಪ್ಪು. ತಿದ್ದಬೇಕೆಂದು ಮುಂದೆ ಬಂದೆ. ಅಕ್ಕ ನನ್ನ ಕಡೆ ತಿರುಗಿದಳು.

"ಹೌದನ? ನೀನೂ ಕೆಂಪ ಕಂಡೇನು?"

ನಾನು ಬಾಯಿ ಮುಚ್ಚಿದೆ. ಅಕ್ಕನ ಪಕ್ಕದಲ್ಲಿ ಕೂತು, ಬೀಗತಿ ಕೊಟ್ಟ ಚಹಾ ತೆಗೆದುಕೊಂಡು, "ನಾ ನೋಡಲಿಲ್ಲಬೇ," ಎಂದೆ. "ಹೇಳ್ರಿ ಸಾಹೇಬ್ರ. ನನಗೂ ಹೇಳ್ರಿ."